ಹಡಗಣ್ಣ ಇಕ್ಕಿದ ಮೊಸರನ್ನ

ಹೋದ ತಿಂಗಳು ಹಡಗಣ್ಣ ಮತ್ತೆ ಹಡಗು ಹತ್ತಲು ಹೊರಟುಹೋದ. ಅಂದಿನಿಂದ ನಮ್ಮ ಬೀದಿಯ ಮಕ್ಕಳು ಮೊದಲಿನಂತೆ ಒಬ್ಬರನ್ನೊಬ್ಬರು ಹೊಡೆದುಕೊಂಡು, ಕಚ್ಚಿಕೊಂಡು ಸಹಜ ಸ್ಥಿತಿಗೆ ಮರಳಿದ್ದಾರೆ. ನಾನು ಅವನ ಪಕ್ಕದ ಮನೆಯವಳು, ಪಿಯುಸಿ ಎರಡನೇ ವರ್ಷ. ಈ ಬೀದಿಯಲ್ಲಿ ಒಂದು ವಾಕ್ಯವನ್ನು ನೆಟ್ಟಗೆ ಶುರುಮಾಡಿ ನೆಟ್ಟಗೆ ಮುಗಿಸಬಲ್ಲವಳು ನಾನೊಬ್ಬಳೇ ಆದ್ದರಿಂದ ಅವನ ಬಗ್ಗೆ ಬರೆಯುವ ಹೊಣೆ ನನ್ನ ಮೇಲೆ ಬಿದ್ದಿದೆ. ಅಲ್ಲಲ್ಲಿ ಉಪ್ಪು ಖಾರ ಜಾಸ್ತಿಯಾಗಬಹುದು. ಅಡುಗೆ ಮಾತ್ರ ನಿಜದ್ದೇ.

ನಮ್ಮ ಬೀದಿ ಇರುವುದು ಮಧುಗಿರಿ ಬೆಟ್ಟದ ಬುಡದಲ್ಲಿ. ನಾವು ಕಣ್ಣಾರೆ ಕಂಡ ದೊಡ್ಡ ನೀರೆಂದರೆ ಬೀದಿ ಕೊನೆಯ ಓವರ್‌ಹೆಡ್ ಟ್ಯಾಂಕು ತುಂಬಿ ಸೋರುವುದು. ಇಂಥ ಕಡೆಯಿಂದ ಒಬ್ಬ ಹಡಗಿನ ಕೆಲಸಕ್ಕೆ ಹೋದರೆ ಜನ ಸುಮ್ಮನಿರುತ್ತಾರೆಯೇ? ಅವನ ತಾಯಿಯನ್ನು ನಾನು ದೊಡ್ಡಮ್ಮ ಎನ್ನುತ್ತೇನೆ. ದೊಡ್ಡಮ್ಮ ನಲ್ಲಿ ಹತ್ತಿರ ಬಿಂದಿಗೆ ಇಟ್ಟು ಸೊಂಟಕ್ಕೆ ಸೆರಗು ಸಿಕ್ಕಿಸಿ ಹೇಳುತ್ತಿದ್ದರು: "ನಮ್ಮುಡ್ಗ ಹಡ್ಗು ಓಡುಸ್ತಾನೆ ಕಣಮ್ಮ. ಅವ್ನು ಕೈ ಬುಟ್ರೆ ಮುಗೀತು, ಅಷ್ಟೂ ಜನ ನೀರ್ಗೆ."

ಅವನು ಒಂದು ರಜಕ್ಕೆ ಬಂದಾಗ ನಿಜ ಹೊರಬಿತ್ತು. ಹಡಗು ಓಡಿಸುವವರು ಬೇರೆ ಇದ್ದರು. ಅದು ಸಂಸಾರ ಸಮೇತ ಸಮುದ್ರ ಸುತ್ತಿಸುವ ಹಡಗು, ನಮ್ಮ ತಾಲ್ಲೂಕು ಕಚೇರಿಯ ಮೇಲೆ ಹತ್ತು ತಾಲ್ಲೂಕು ಕಚೇರಿ ಪೇರಿಸಿದಷ್ಟು ಎತ್ತರ. ಅಪ್ಪ ಅಮ್ಮಂದಿರು ಮಕ್ಕಳನ್ನು ಒಂದು ಕೋಣೆಗೆ ಬಿಟ್ಟು, ಈಜಲು, ತಿನ್ನಲು, ಮತ್ತೆ ತಿನ್ನಲು ಹೋಗುತ್ತಾರೆ. ಆ ಕೋಣೆಯೊಳಗೆ ಮಕ್ಕಳ ಜೊತೆ ಉಳಿಯುವವನೇ ನಮ್ಮ ಹಡಗಣ್ಣ. ಮಕ್ಕಳನ್ನು ಆಡಿಸುವುದೇ ಅವನ ಕೆಲಸ. ಅದಕ್ಕೆ ಸಂಬಳ, ಸಮವಸ್ತ್ರ, ಎದೆಯ ಮೇಲೊಂದು ಬಿಲ್ಲೆ.

"ಹಂಗಾರೆ ತಿಮಿಂಗ್ಲ ಗಿಮಿಂಗ್ಲ ಏನೂ ನೋಡ್ಲಿಲ್ವಾ?" ಎಂದು ನಾನು ಕೇಳಿದೆ.

"ಮೂರ್ ವರ್ಷದ ಇಪ್ಪತ್ ಮಕ್ಳಿಗೆ ಒಂದೇ ಸಲ ಒಂದಕ್ ಬಂದಿದ್ದು ನೋಡಿದೀನಿ ಕಣೆ. ಅದಾದ್ಮೇಲೆ ತಿಮಿಂಗ್ಲ ಯಾವ್ ಲೆಕ್ಕ?" ಎಂದ.

ಅವನು ಯಾವ ಮಗುವಿನೊಡನೆಯೂ ನಿಂತುಕೊಂಡು ಮಾತಾಡಿದವನಲ್ಲ. ಎದುರಿಗೆ ಮಗು ಬಂದರೆ ಸಾಕು, ಎಲ್ಲಿದ್ದರೆ ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಡುತ್ತಿದ್ದ, ತನ್ನ ಕಣ್ಣು ಮಗುವಿನ ಕಣ್ಣಿನ ಮಟ್ಟಕ್ಕೆ ಬರುವ ತನಕ. ಅವನು ಕೂರುವಾಗ ಮಂಡಿಯಿಂದ ಕಡಲೆಕಾಯಿ ಸುಲಿದ ಸದ್ದು ಬರುತ್ತಿತ್ತು. ಒಮ್ಮೆ ಬಸ್ ಸ್ಟ್ಯಾಂಡಿನ ಗೇಟಿನಲ್ಲಿ ಯಾರದೋ ಪಾಪು ಸಿಕ್ಕಿ ಅಲ್ಲೇ ಕೂತ. ಹಿಂದೆ ಶಿರಾ ಬಸ್ಸು ಹಾರ್ನು, ಅದರ ಹಿಂದೆ ಕೊರಟಗೆರೆ ಬಸ್ಸು ಹಾರ್ನು. ಕಂಡಕ್ಟರು ಇಳಿದು ಬಂದು, "ಏನ್ ಸ್ವಾಮಿ, ಇಲ್ಲೇ ಪೂಜೆಗ್ ಕುಂತ್ಬುಟ್ರಾ?" ಎಂದ. ಹಡಗಣ್ಣ ತಲೆಯೆತ್ತದೆ, "ಒಂದ್ನಿಮಿಷ ಸಾರ್, ಇವ್ರು ಅವ್ರ ಚಪ್ಲಿ ಬಗ್ಗೆ ಹೇಳ್ತಿದಾರೆ" ಎಂದ. ಆ ಪಾಪುವಿಗೆ ಎರಡು ವರ್ಷವೂ ತುಂಬಿರಲಿಲ್ಲ. ಹೇಳುತ್ತಿದ್ದುದು "ಪೀಂ ಪೀಂ" ಎಂದಷ್ಟೇ. ಅದು ಪೂರ್ತಿ ಹೇಳಿ ಮುಗಿಸುವ ತನಕ ಎರಡು ಬಸ್ಸು ಕಾದವು. ನಾಲ್ಕು ಎಂದು ಬರೆಯಲು ಕೈ ತುರಿಸುತ್ತಿದೆ, ಆದರೆ ಎರಡೇ.

ಅವನು ಮಕ್ಕಳನ್ನು ಕೇಳುವ ಮೊದಲ ಮಾತು ಹೆಸರಲ್ಲ, ವಯಸ್ಸು. ಮಗು ತೋರಿಸಿದ ಬೆರಳುಗಳನ್ನು ನೋಡಿ ಅವನ ತಲೆಯೊಳಗೆ ಒಂದು ಬಾಗಿಲು ತೆರೆದುಕೊಳ್ಳುತ್ತಿತ್ತು. ಮೂರರಿಂದ ಐದು ಒಂದು ಗುಂಪು, ಆರರಿಂದ ಎಂಟು ಇನ್ನೊಂದು, ಒಂಬತ್ತರಿಂದ ಹನ್ನೆರಡು ಮತ್ತೊಂದು. ಒಂದು ಗುಂಪಿನ ಆಟ ಇನ್ನೊಂದಕ್ಕೆ ಇಲ್ಲ. ದೊಡ್ಡವರ ಚಪ್ಪಲಿ ಚಿಕ್ಕವರಿಗೆ ಹಾಕಿ ಓಡು ಎಂದರೆ ಬೀಳುವುದಿಲ್ಲವೇ, ಆಟವೂ ಹಾಗೆಯೇ ಎನ್ನುತ್ತಿದ್ದ. ನಮ್ಮ ಬೀದಿಯಲ್ಲಿ ಅಲ್ಲಿಯವರೆಗೆ ಇದ್ದದ್ದು ಎರಡೇ ಗುಂಪು: ಹೊಡೆಯುವವರು, ಹೊಡೆಸಿಕೊಳ್ಳುವವರು.

ಎದುರು ಮನೆಯ ಮಗುವಿಗೆ ಮೂರು ತುಂಬಿದ ದಿನ ಯಾರೋ ತುಮಕೂರಿನಿಂದ ಕರಡಿ ವೇಷದವನನ್ನು ಕರೆಸಿದ್ದರು. ಆನೆಗೆ ಹೊಂದುವಷ್ಟು ದೊಡ್ಡ ತಲೆ ಹೊತ್ತ ಕರಡಿ ಬಾಗಿಲಲ್ಲಿ ಕಾಣಿಸಿದ್ದೇ ತಡ, ಹುಟ್ಟುಹಬ್ಬದ ಮಗು ಕಿರುಚಿಕೊಂಡು ಅಡುಗೆಮನೆಗೆ ಓಡಿ ಅಕ್ಕಿ ಮೂಟೆಯ ಹಿಂದೆ ಸೇರಿಕೊಂಡಿತು. ಉಳಿದವು ಸೋಫಾದ ಕೆಳಗೆ. ಹಡಗಣ್ಣ ಕರಡಿಯವನನ್ನು ನಿಲ್ಲಿಸಿ ಮೆಲ್ಲಗೆ ಕೇಳಿದ: "ಅಣ್ಣಾ, ತಲೆ ತೆಗ್ದು ಇವ್ರ ಮುಂದೇನೆ ಹಾಕ್ಕೊಳ್ಳಿ. ಒಳಗೆ ನೀವಿದೀರ ಅಂತ ಅವ್ರಿಗ್ ಗೊತ್ತಾಗ್ಬೇಕು." ಕರಡಿಯವನು ತಲೆ ತೆಗೆದ. ಬೆವರಿ ತೊಪ್ಪೆಯಾದ ಒಬ್ಬ ಬಡಪಾಯಿ ಅಣ್ಣ ಕಂಡ. ಹಡಗಣ್ಣ ಮಕ್ಕಳ ಕೈಯಿಂದಲೇ ಅವನಿಗೆ ಬೀಸಣಿಗೆ ಬೀಸಿಸಿದ, ನೀರು ಕೊಡಿಸಿದ. ಆಮೇಲೆ ಒಂದು ಕೈ ಕರಡಿಯದಾಯಿತು, ಇನ್ನೊಂದು ಕೈ ಆಯಿತು, ಕೊನೆಗೆ ತಲೆ. ಅಷ್ಟರಲ್ಲಿ ಹುಟ್ಟುಹಬ್ಬದ ಮಗು ಕರಡಿಯ ಮೂಗಿಗೆ ಕೇಕು ತುರುಕುತ್ತಿತ್ತು.

ಎಲ್ಲಕ್ಕಿಂತ ನನಗೆ ಹೊಟ್ಟೆ ಉರಿಸಿದ್ದು ಅವನ ಕುರ್ಚಿ ಆಟ. ಹಾಡು ನಿಂತಾಗ ಕೂರಬೇಕು, ಕುರ್ಚಿ ಸಿಗದವರು ಔಟು, ಇದು ಲೋಕಕ್ಕೆಲ್ಲ ಗೊತ್ತು. ಅವನ ಆಟದಲ್ಲಿ ಮಕ್ಕಳೆಷ್ಟೋ ಕುರ್ಚಿಯೂ ಅಷ್ಟೇ. ಹಾಡು ನಿಲ್ಲುತ್ತದೆ, ಎಲ್ಲರೂ ಕೂರುತ್ತಾರೆ, ಎಲ್ಲರೂ ಗೆದ್ದೆವೆಂದು ಕೂಗುತ್ತಾರೆ, ಮತ್ತೆ ಹಾಡು.

"ಇದೆಂಥ ಆಟ ಅಣ್ಣಾ? ಔಟೇ ಇಲ್ವಲ್ಲ!" ಎಂದೆ.

"ಔಟು ಒಂಬತ್ತಾದ್ಮೇಲೆ," ಎಂದ. "ಐದ್ ವರ್ಷದೋನ್ನ ಔಟ್ ಮಾಡಿ ಮೂಲೇಲ್ ಕುಂಡ್ರುಸಿದ್ರೆ ಅವ್ನ್ ಆಟ ಎಲ್ಲಿ ಆಡ್ದಂಗಾಯ್ತು? ಮೂಲೇಲ್ ಕುಂತಂಗಾಯ್ತು, ಅಷ್ಟೇ."

ಇದನ್ನು ಕೇಳಿಸಿಕೊಂಡ ಏಳು ವರ್ಷದ ಒಬ್ಬ ಭೂಪ ಮಾರನೆಯ ದಿನ ಕ್ರಿಕೆಟ್‌ನಲ್ಲಿ ಸ್ಟಂಪು ಮೂರೂ ಬಿದ್ದ ಮೇಲೂ ಬ್ಯಾಟು ಬಿಡಲಿಲ್ಲ. "ನಂಗಿನ್ನೂ ಒಂಬತ್ತಾಗಿಲ್ಲ" ಎಂದ. ಅವನು ಈಗಲೂ ಬ್ಯಾಟಿಂಗ್ ಮಾಡುತ್ತಿದ್ದಾನೆಂದು ಕೇಳಿದ್ದೇನೆ.

ಅವನ ಇನ್ನೊಂದು ಆಟ ಮೀನಿನ ನಿದ್ದೆ. ಸಮುದ್ರ ಜೋರಾಗಿ ಹಡಗು ಅಲ್ಲಾಡುವಾಗ ಮಕ್ಕಳಿಗೆ ಹೊಟ್ಟೆ ತೊಳಸುತ್ತದಂತೆ. ಆಗ ಎಲ್ಲರೂ ನೆಲದ ಮೇಲೆ ಅಂಗಾತ ಮಲಗಿ, ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುವ ಮೀನುಗಳಾಗಬೇಕು. ಬಾಯಿ ಮಾತ್ರ ಮೆಲ್ಲಗೆ ತೆರೆಯಬಹುದು, ಮುಚ್ಚಬಹುದು. ನಮ್ಮ ಬೀದಿ ಅಲ್ಲಾಡುವುದಿಲ್ಲ, ಆದರೂ ಕರೆಂಟು ಹೋದಾಗಲೆಲ್ಲ ಅವನ ಮನೆಯ ಜಗಲಿ ತುಂಬ ಮೀನುಗಳು ಬಿದ್ದಿರುತ್ತಿದ್ದವು.

ಇಷ್ಟೆಲ್ಲ ಇದ್ದೂ ಅವನಿಗೆ ಹೆಣ್ಣು ಸಿಗುತ್ತಿರಲಿಲ್ಲ. "ಹುಡ್ಗ ಹಡ್ಗಲ್ಲವ್ನೆ" ಎಂದರೆ ಎಲ್ಲರೂ ಬರುತ್ತಿದ್ದರು. "ಹಡ್ಗಲ್ಲಿ ಏನು?" ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ ಕೂಡಲೇ ಕಾಫಿ ಅರ್ಧಕ್ಕೆ ಬಿಟ್ಟು ಹೋಗುತ್ತಿದ್ದರು. ಶಿರಾ ಕಡೆಯ ಒಬ್ಬರು ಹೋಗುವಾಗ ಬಾಗಿಲಲ್ಲೇ, "ಗಂಡುಸ್ರು ಮಾಡೋ ಕೆಲ್ಸ ಏನೂ ಸಿಗ್ಲಿಲ್ವಾ?" ಎಂದು ಕೇಳಿದರು. ದೊಡ್ಡಮ್ಮ ಆ ದಿನ ಊಟ ಮಾಡಲಿಲ್ಲ.

ಆಮೇಲೆ ಪಾವಗಡದ ಹತ್ತಿರದ ಒಂದು ಹಳ್ಳಿಯ ಹುಡುಗಿಯನ್ನು ನೋಡಲು ಹೋದರು. ನಾನೂ ಹೋಗಿದ್ದೆ, ಯಾಕೆಂದರೆ ನಾನಿಲ್ಲದೆ ನಮ್ಮ ಬೀದಿಯಲ್ಲಿ ಯಾವ ಮುಖ್ಯ ಕೆಲಸವೂ ನಡೆಯುವುದಿಲ್ಲ. ಹುಡುಗಿ ನೇರವಾಗಿ ಅವನನ್ನೇ ಕೇಳಿದಳು: "ಹಡಗಲ್ಲಿ ನೀವು ಏನ್ ಮಾಡ್ತೀರ?" ದೊಡ್ಡಮ್ಮ ಕೆಮ್ಮಿದರು. ಅವನು ಕೆಮ್ಮನ್ನು ಲೆಕ್ಕಿಸದೆ ಹೇಳಿಯೇಬಿಟ್ಟ: "ಆಕ್ಟೋಪಸ್ ಆಗ್ತೀನಿ. ಎಂಟ್ ಕೈ. ಒಂದೊಂದ್ ಕೈ ಒಂದೊಂದ್ ಮಗು ಹಿಡ್ಕೊಳ್ಳತ್ತೆ." ಹುಡುಗಿ ನಕ್ಕಳು. ಗೇಲಿಯ ನಗೆಯಲ್ಲ. ಒಂಬತ್ತನೇ ಮಗು ಏನು ಮಾಡುತ್ತದೆ ಎಂದು ಕೇಳಿ ಮತ್ತೆ ನಕ್ಕಳು.

ಅಲ್ಲಿಗೆ ಅವನು ಮನಸೋತು ಕೆಟ್ಟ. ವಾಪಸ್ಸು ಬಂದ ಮೇಲೆ ವಾರವೆಲ್ಲ ದೊಡ್ಡ ಮಕ್ಕಳಿಗೆ ಗಿಲಕಿ ಕೊಟ್ಟು, ಮೂರು ವರ್ಷದವರಿಗೆ ಒಗಟು ಹೇಳಿ, ತನ್ನ ಗುಂಪುಗಳನ್ನು ತಾನೇ ಕಲಸಿಬಿಟ್ಟ. "ಅಮ್ಮಾ, ಇದೊಂದು ಆಗ್ಲಿ ಅಂತ ಬೇಡ್ಕೊ" ಎಂದು ಅವನು ಹೇಳಿದ್ದನ್ನು ಕಾಂಪೌಂಡಿನ ಈಚೆಯಿಂದ ನನ್ನ ಕಿವಿ ತಾನಾಗಿಯೇ ಕೇಳಿಸಿಕೊಂಡಿತು.

ಉಳಿದದ್ದು ಒಂದೇ, ಹುಡುಗಿಯ ಕಡೆಯವರು ಮನೆ ನೋಡಲು ಬರುವುದು. ಅದಾದರೆ ಮಾತು ಕೂಡಿದಂತೆ.

ಬೆಳಿಗ್ಗೆಯೇ ದೊಡ್ಡಮ್ಮ ಅವನನ್ನು ಕುರ್ಚಿಯ ಮೇಲೆ ಕೂರಿಸಿ ಆಜ್ಞೆ ಮಾಡಿದರು: "ಇವತ್ತೊಂದಿನ ಗಂಡುಸ್ ತರ ಕಾಲ್ಮ್ಯಾಲ್ ಕಾಲಾಕ್ಕಂಡು ಕುಂತ್ಕ. ಯಾವ್ ಮಗು ಮುಂದೂ ಕುಕ್ರುಬ್ಯಾಡ. ನನ್ನಾಣೆ."

ಟೆಂಪೋ ಟ್ರಾವೆಲರ್ ಬಂತು. ಅದರಿಂದ ಇಳಿದ ಜನರನ್ನು ನೋಡಿದರೆ ಪಾವಗಡದಲ್ಲಿ ಮನೆ ಕಾಯಲೂ ಯಾರೂ ಉಳಿದಿರಲಾರರು ಅನಿಸಿತು. ದೊಡ್ಡವರು ಇಳಿದು ಮುಗಿದ ಮೇಲೆ ಸೀಟಿನ ಕೆಳಗಿನಿಂದ, ಹಿಂದಿನಿಂದ, ಒಬ್ಬರ ಮಡಿಲಿಂದ ಇನ್ನೊಬ್ಬರ ಮಡಿಲಿಗೆ ದಾಟಿಕೊಂಡು ಮಕ್ಕಳು ಇಳಿದರು. ಎಲ್ಲರಿಗಿಂತ ಮುಂದೆ, ನಾವು ಹೋಗಿದ್ದಾಗ ಊರಲ್ಲಿಲ್ಲದಿದ್ದ ಹುಡುಗಿಯ ತಾತ. ಹಣೆ ತುಂಬ ವಿಭೂತಿ, ಹೆಗಲ ಮೇಲೆ ಟವೆಲ್ಲು, ಮೀಸೆ ಮಾತ್ರ ಕಪ್ಪು. ಮಾತಿನ ನಡುವೆ ತೆಲುಗು ಬೆರೆಸುವ, ಸಿಟ್ಟು ಬಂದರೆ ಕನ್ನಡ ಬಿಟ್ಟು ಪೂರ್ತಿ ತೆಲುಗಿಗೆ ಹಾರುವ ಮನುಷ್ಯ. ಅವರ ಹಿಂದೆ ಅಜ್ಜಿ, ಮಾತಿಲ್ಲ ಕತೆಯಿಲ್ಲ, ಸೀದಾ ಒಳಗೆ ಹೋಗಿ ನಡುಮನೆಯ ಕಂಬಕ್ಕೆ ಒರಗಿ ಕೂತರು.

ತಾತ ಹೊಸಿಲಲ್ಲೇ ಸಾರಿದರು: "ನೋಡ್ರಮ್ಮ, ಮಾತು ಕೂಡೋತಂಕ ನಾವು ಈ ಮನೇಲಿ ಅನ್ನ ಮುಟ್ಟಲ್ಲ. ಅನ್ನ ಉಂಡ್ರೆ ಒಪ್ಕಂಡಂಗೆ, ಅದು ನಮ್ ಕಡೆ ಪದ್ಧತಿ. ಕಾಫಿ ತಿಂಡಿ ಪರ್ವಾಗಿಲ್ಲ."

ಬೆಳಗಿನ ಜಾವದಿಂದ ಹೋಳಿಗೆ ಸಾರು, ಪಲ್ಯ, ಕೋಸಂಬರಿ, ಮೊಸರನ್ನ ಮಾಡಿಟ್ಟಿದ್ದ ದೊಡ್ಡಮ್ಮನ ಮುಖ ನೋಡುವಂತಿರಲಿಲ್ಲ. ಆಗ ಹಡಗಣ್ಣ ಹಿತ್ತಲಲ್ಲಿ ಕೈ ತೊಳೆಯುತ್ತಿದ್ದ. ಈ ಮಾತು ಅವನ ಕಿವಿಗೆ ಬೀಳಲಿಲ್ಲ. ಅಲ್ಲೇ ಎಡವಟ್ಟಾದದ್ದು.

ಉಪ್ಪಿಟ್ಟು, ಕೇಸರಿಬಾತು ಮುಗಿಯಿತು. ತಾತ ಟವೆಲ್ಲು ಸರಿಮಾಡಿಕೊಂಡರು. "ಏಮಪ್ಪಾ, ಹಡಗ್ನಾಗೆ ನಿಂದು ಏನ್ ಪನಿ?"

"ಮಕ್ಕಳನ್ನ ಆಡಿಸ್ತೀನಿ ತಾತ."

"ಏಮಿ?"

"ಅವ್ರವ್ರ ವಯಸ್ಸಿಗೆ ತಕ್ಕಂಗೆ ಆಟ ಆಡಿಸೋದು, ಕುಣ್ಸೋದು, ನಗ್ಸೋದು."

ತಾತ ಫ್ಯಾನಿನ ಕಡೆ ನೋಡಿದರು. ಫ್ಯಾನು ತಿರುಗುವುದನ್ನು ನಿಲ್ಲಿಸಿತು. ಕರೆಂಟು ಹೋಗಿತ್ತು ಅಷ್ಟೇ, ಆದರೆ ತಾತನ ನೋಟಕ್ಕೇ ನಿಂತಿತೆಂದು ನಾನು ಇಂದಿಗೂ ನಂಬಿದ್ದೇನೆ.

ಅದೇ ಹೊತ್ತಿಗೆ ಮೂಲೆಯಲ್ಲಿ ಗಲಾಟೆ ಶುರುವಾಯಿತು. ಹುಡುಗಿಯ ಸೋದರಮಾವ ಮಕ್ಕಳು ಸುಮ್ಮನಿರಲೆಂದು ತನ್ನ ಫೋನಿನಲ್ಲಿ ಯಾವುದೋ ಸಿನಿಮಾ ಹಾಕಿ ಕೊಟ್ಟಿದ್ದರು. ಅದರಲ್ಲಿ ಒಬ್ಬ ಇನ್ನೊಬ್ಬನನ್ನು ಮಚ್ಚು ಹಿಡಿದು ಅಟ್ಟಾಡಿಸುತ್ತಿದ್ದ. ದೊಡ್ಡ ಹುಡುಗರು ಬಾಯಿ ಬಿಟ್ಟು ನೋಡುತ್ತಿದ್ದರೆ ಮೂರು ವರ್ಷದ ಒಂದು ಹೆಣ್ಣು ಮಗು ಎರಡೂ ಕೈಯಲ್ಲಿ ಕಣ್ಣು ಮುಚ್ಚಿಕೊಂಡು ಚೀರುತ್ತಿತ್ತು. ಅದು ಅತ್ತಿದ್ದಕ್ಕೆ ಇನ್ನೆರಡು ಅತ್ತವು. ಸೋದರಮಾವ, "ಏ, ಅದು ಸುಳ್ ಸುಳ್ಳು ರಕ್ತ ಕಣಮ್ಮ, ಟೊಮೇಟೊ!" ಎಂದು ಸಮಾಧಾನ ಮಾಡುತ್ತಿದ್ದರು.

ನಾನು ಹಡಗಣ್ಣನನ್ನೇ ನೋಡುತ್ತಿದ್ದೆ. ಕಾಲ ಮೇಲಿದ್ದ ಕಾಲು ಕೆಳಗಿಳಿಯಲು ನೋಡುತ್ತಿತ್ತು. ಒಮ್ಮೆ ಅಮ್ಮನ ಕಡೆ ನೋಡಿದ. ದೊಡ್ಡಮ್ಮ ಕಣ್ಣಲ್ಲೇ "ಆಣೆ" ಎಂದರು. ಮಗು ಇನ್ನೊಮ್ಮೆ ಚೀರಿತು. ಕಡಲೆಕಾಯಿ ಸುಲಿದ ಸದ್ದು ಕೇಳಿಸಿತು. ಅವನು ಆ ಮಗುವಿನ ಮುಂದೆ ಕುಕ್ಕರಗಾಲಲ್ಲಿದ್ದ.

"ನಿಮಗೆಷ್ಟು ವರ್ಷ?"

ಮಗು ಅಳುತ್ತಲೇ ಮೂರು ಬೆರಳು ತೋರಿಸಿತು.

"ಮೂರಾ! ಸರಿಯಾಗೈತೆ. ನಂಗೆ ಮೂರ್ ವರ್ಷದ ಮೀನುಗಳೇ ಬೇಕಾಗಿದ್ವು."

ಆಮೇಲೆ ನಡೆದದ್ದು ಹಿತ್ತಲಲ್ಲಿ. ರಂಗೋಲಿ ಪುಡಿಯಲ್ಲಿ ಗೆರೆ ಎಳೆದು ಮೂರು ಜಾಗ ಮಾಡಿದ. ಚಿಕ್ಕವರು ನೆರಳಲ್ಲಿ ಮೀನಾದರು. ಆರರಿಂದ ಎಂಟರವರು ಬಕೆಟ್ಟಿಗೆ ಕಡಲೆಕಾಯಿ ಎಸೆದರು. ದೊಡ್ಡವರನ್ನು ನನ್ನ ವಶಕ್ಕೆ ಕೊಟ್ಟ. ನಾನು ಅವರಿಗೆ ಔಟು ಇರುವ ಕುರ್ಚಿ ಆಟ ಆಡಿಸಿ ಎಲ್ಲರನ್ನೂ ನಿರ್ದಾಕ್ಷಿಣ್ಯವಾಗಿ ಔಟು ಮಾಡಿದೆ. ಅಷ್ಟು ಶಿಸ್ತು ಆ ಹಿತ್ತಲು ಕಂಡಿರಲಿಲ್ಲ.

ಒಳಗೆ ಮಾತ್ರ ಸಂಬಂಧ ಮುರಿಯುತ್ತಿತ್ತು. ಕಿಟಕಿಯಿಂದ ತಾತನ ದನಿ ಕೇಳಿಸುತ್ತಿತ್ತು: "ಲೇದಮ್ಮ, ಲೇದು. ನಾಳೆ ನಮ್ ನೆಂಟ್ರು ಕೇಳಿದ್ರೆ ಏನಂತ ಹೇಳಾನ? ಮಕ್ಳಾಡ್ಸೋ ಅಳಿಯ ಅಂತಾನಾ?" ಹಡಗಣ್ಣನಿಗೂ ಅದು ಕೇಳಿಸಿತು. ಅವನು ಮೀನುಗಳ ನಡುವೆ ಮಲಗಿದ್ದ. ಕಣ್ಣು ತೆರೆದೇ ಇತ್ತು, ಬಾಯಿ ಆಡಲಿಲ್ಲ. ಪಕ್ಕದ ಮಗು, "ಮೀನು ಮಾಮಾ, ಬಾಯಿ," ಎಂದು ನೆನಪಿಸಿದ ಮೇಲೆ ಮೆಲ್ಲಗೆ ತೆರೆದು ಮುಚ್ಚಿದ.

ಹೊತ್ತು ನೆತ್ತಿ ದಾಟಿತು. ಒಂದು ಮೀನು ಎದ್ದು ಕೂತು, "ಹಸಿವು" ಎಂದಿತು. ಹಡಗಿನಲ್ಲಿ ಮಕ್ಕಳ ಊಟ ಯಾವಾಗಲೂ ದೊಡ್ಡವರಿಗಿಂತ ಮೊದಲಂತೆ. ಅವನು ಹಿಂದೆಮುಂದೆ ನೋಡದೆ ಅಡುಗೆಮನೆಗೆ ಹೋಗಿ ಮೊಸರನ್ನದ ಪಾತ್ರೆಯನ್ನೇ ಎತ್ತಿ ತಂದು, ಸಾಲಾಗಿ ಕೂರಿಸಿ ಇಕ್ಕಿದ. ಚಿಕ್ಕವರಿಗೆ ತಾನೇ ತುತ್ತು ಮಾಡಿ ಬಾಯಿಗಿಟ್ಟ. ಆಗ ತಾತನ ಪದ್ಧತಿ ನನಗೆ ನೆನಪಾಗಬೇಕಿತ್ತು. ಆದರೆ ಅಷ್ಟು ಹೊತ್ತು ಶಿಸ್ತು ಕಾಪಾಡಿ ನನಗೂ ಹಸಿವಾಗಿತ್ತು, ನಾನೂ ಸಾಲಿನಲ್ಲಿ ಕೂತಿದ್ದೆ.

"ಸರಿ, ಯೋಚ್ನೆ ಮಾಡಿ ಹೇಳ್ತೀವಿ," ಎಂದು ತಾತ ಎದ್ದರು. ಹಾಗೆಂದರೆ ಆಗುವುದಿಲ್ಲವೆಂದು ಎಲ್ಲರಿಗೂ ಗೊತ್ತು. "ಏಯ್ ಪಿಲ್ಲಲೂ, ಬರ್ರಿ, ಗಾಡಿ ಹತ್ರಿ!"

ಮಕ್ಕಳು ಬಂದರು. ಒಬ್ಬೊಬ್ಬರ ಮೂತಿಯಲ್ಲೂ ಮೊಸರು, ಕೆನ್ನೆಯಲ್ಲಿ ಅನ್ನದ ಅಗುಳು.

ತಾತನ ಟವೆಲ್ಲು ಹೆಗಲಿಂದ ಜಾರಿತು. "ಅನ್ನ ಉಂಡ್ರಾ?"

"ಹೂಂ ತಾತ! ನಾನು ಎಲ್ಡು ಸಲ ಹಾಕಿಸ್ಕಂಡೆ!" ಎಂದ ಒಬ್ಬ.

ಮೊದಲು ಚೇತರಿಸಿಕೊಂಡವರು ಸೋದರಮಾವ. "ಮಕ್ಳು ಉಂಡ್ರೆ ಲೆಕ್ಕಕ್ಕಿಲ್ಲ ಬುಡಿ ಮಾವ. ಬಸ್ಸಲ್ಲೇ ಚಿಕ್ ಮಕ್ಳಿಗೆ ಟಿಕೇಟಿಲ್ಲ."

"ಆರು ದಾಟಿದ್ರೆ ಅರ್ಧ ಟಿಕೇಟು ಐತಲ್ಲಾ!" ಎಂದರು ದೊಡ್ಡಮ್ಮ, ಮುಳುಗುತ್ತಿದ್ದವರಿಗೆ ಕಡ್ಡಿ ಸಿಕ್ಕಂತೆ. "ಅರ್ಧ ಅರ್ಧ ಕೂಡ್ಸಿದ್ರೆ ಎಷ್ಟೋ ಪೂರ್ತಿ ಆಗ್ತವೆ."

"ಅರ್ಧ ಒಪ್ಪಿಗೆ ಅಂತ ಎಲ್ಲಾನ ಉಂಟಾ?"

"ಅನ್ನ ಅರ್ಧ ಉಂಡವ್ರಾ? ಪೂರ್ತಿ ಉಂಡವ್ರೆ!"

ತಾತ ಪದ್ಧತಿಯ ಮನುಷ್ಯ. ಬೇಡ ಎನ್ನಲೂ ಆಗದು, ಬೇಕು ಎನ್ನಲೂ ಆಗದು. ತಲೆಗೊಂದರಂತೆ ನ್ಯಾಯ ಹೇಳುವ ಹಿರಿಯರ ನಡುವೆ ಅವರು ಬೆವರುತ್ತಿದ್ದರು. ದೊಡ್ಡಮ್ಮ ಇನ್ನೇನು ಗೆಲ್ಲುವವರಿದ್ದರು. ಅಷ್ಟರಲ್ಲಿ ಅವರ ಮಗನೇ ಕೆಡಿಸಿದ.

ಅವನು ಹಿತ್ತಲ ಬಾಗಿಲಲ್ಲಿ ಮೂರು ವರ್ಷದ ಆ ಹೆಣ್ಣು ಮಗುವಿನ ಬಾಯಿ ಒರೆಸುತ್ತ ಕೂತಿದ್ದ. ಎದ್ದೇಳದೆ, ಅಲ್ಲಿಂದಲೇ ಹೇಳಿದ: "ತಾತ, ಮಕ್ಳು ಹಸ್ದಿದ್ರು, ಉಂಡ್ರು. ಅಷ್ಟೇ. ದೊಡ್ಡೋರ ಲೆಕ್ಕ ಅವ್ರ ತಟ್ಟೆಗ್ ಹಾಕ್ಬ್ಯಾಡಿ. ನಿಮ್ಗೆ ನಾನು ಬ್ಯಾಡ ಅಂದ್ರೆ ಬ್ಯಾಡ ಅಂತ್ಲೇ ಹೇಳಿ. ನಂಗ್ ಬೇಜಾರಾಗತ್ತೆ. ಆದ್ರೆ ಈ ಊಟದ್ ಹೆಸ್ರಲ್ಲಿ ನಂಗೇನೂ ಕೊಡ್ಬ್ಯಾಡಿ."

ದೊಡ್ಡಮ್ಮ ಹಣೆ ಚಚ್ಚಿಕೊಂಡರು. ನಾನೂ ಚಚ್ಚಿಕೊಂಡೆ, ಮೊಸರು ಕೈಯಲ್ಲೇ.

ತಾತ ಉಸಿರು ಬಿಟ್ಟರು. "ಚೆನ್ನಾಗ್ ಮಾತಾಡ್ದೆ ಬಾಬು. ಹಂಗಾರೆ ನಾವ್ ಬತ್ತೀವಿ" ಎಂದು ಚಪ್ಪಲಿಗೆ ಕಾಲು ಚಾಚಿದರು. ಹೊರಗೆ ಟ್ರಾವೆಲರ್ ಚಾಲೂ ಆಯಿತು.

"ಮಗಾ, ಪಾತ್ರೇಲಿ ಇನ್ನೂ ಉಳ್ದೈತಾ?"

ಬೆಳಿಗ್ಗೆಯಿಂದ ಬಾಯಿ ಬಿಡದ ಅಜ್ಜಿ ಕಂಬ ಬಿಟ್ಟು ಎದ್ದಿದ್ದರು. ಹಿತ್ತಲ ಬಾಗಿಲಿಗೆ ಬಂದು, ಮಕ್ಕಳು ಎದ್ದುಹೋದ ಸಾಲಿನಲ್ಲಿ, ಒಂದು ಕೈ ಗೋಡೆಗೆ ಕೊಟ್ಟು ನಿಧಾನಕ್ಕೆ ಕೂತರು.

"ಏಯ್, ಏಂ ಚೇಸ್ತುನ್ನಾವ್?" ಎಂದು ತಾತ ಕೂಗಿದರು. ಪೂರ್ತಿ ತೆಲುಗು ಬಂದಿತ್ತು ಎಂದರೆ ಸಿಟ್ಟು ಬಂದಿತ್ತು.

"ಕಾಣಾಕಿಲ್ವಾ? ಉಣ್ತಿದೀನಿ." ಅಜ್ಜಿ ಹಡಗಣ್ಣ ಇಕ್ಕಿದ ಮೊಸರನ್ನ ಕಲಸಿದರು. "ನಿಮ್ಮನೇಗ್ ಬಂದು ಏಳ್ ಮಕ್ಳು ಹೆತ್ತೆ. ಒಂದರ ಮೂತಿನಾದ್ರೂ ಒರ್ಸಿದ್ರಾ ನೀವು? ಒಂದಿನ? ನಾನು ಹೊಲಕ್ಕೋದ್ರೂ ಸೊಂಟದ್ ಮ್ಯಾಲೊಂದು, ಹಿಂದೊಂದು. ನನ್ ಮೊಮ್ಮಗಳಿಗೆ ಈ ಹುಡುಗ ಸಾಕು. ನನ್ಗೇನ್ ಅರ್ಧ ಟಿಕೇಟ್ ಇಲ್ಲ, ಪೂರ್ತಿ ಉಣ್ತೀನಿ. ಈಗೇನ್ ಮಾಡ್ತೀರ ಮಾಡಿ."

ಹೇಳಿ ಮೊದಲ ತುತ್ತು ಬಾಯಿಗಿಟ್ಟರು.

ಹಡಗಣ್ಣ ಸೌಟು ಹಿಡಿದುಕೊಂಡು ಕೂತಲ್ಲೇ ಕೂತಿದ್ದ, ಅವನ ಕಣ್ಣಲ್ಲಿ ನೀರು. ಸೋದರಮಾವ ಹೊರಗೆ ಹೋಗಿ ಗಾಡಿ ಆರಿಸಲು ಹೇಳಿದರು. ತಾತ ಒಂದು ಕಾಲಲ್ಲಿ ಚಪ್ಪಲಿ, ಒಂದು ಕಾಲಲ್ಲಿ ಇಲ್ಲ, ಅಜ್ಜಿ ಉಣ್ಣುವುದನ್ನೇ ನೋಡುತ್ತ ನಿಂತರು. ಎರಡನೇ ತುತ್ತು ಹೋಯಿತು. ಮೂರನೆಯದೂ ಹೋಯಿತು. ಆಮೇಲೆ ಹಾಕಿಕೊಂಡಿದ್ದ ಆ ಒಂದು ಚಪ್ಪಲಿಯನ್ನೂ ಬಿಚ್ಚಿ, ಬಂದು, ಅಜ್ಜಿಯ ಪಕ್ಕದಲ್ಲಿ ಚಕ್ಕಂಬಕ್ಕಳ ಹಾಕಿ ಕೂತು, ದೊಡ್ಡಮ್ಮನ ಕಡೆ ತಿರುಗಿ ಗತ್ತಿನಿಂದಲೇ ಕೇಳಿದರು:

"ಉಪ್ಪಿನ್‌ಕಾಯಿ ಏನೈತಮ್ಮ, ಮಾವಿಂದಾ ನಿಂಬೇದಾ?"